ಮೊಲದ ಎರಡನೇ ಊಟ

ಮೊಲ ಸಾಕಿದವರು ಒಂದಲ್ಲ ಒಂದು ದಿನ ಇದನ್ನು ನೋಡಿ ಮುಖ ಸಿಂಡರಿಸಿರುತ್ತಾರೆ. ಮೂಲೆಯಲ್ಲಿ ಮುದುಡಿ ಕೂತಿದ್ದ ಮೊಲ ಇದ್ದಕ್ಕಿದ್ದಂತೆ ಬೆನ್ನು ಬಗ್ಗಿಸಿ, ಹಿಂಗಾಲುಗಳ ನಡುವೆ ತಲೆ ತೂರಿಸಿ, ಏನನ್ನೋ ಬಾಯಿಗೆ ಹಾಕಿಕೊಂಡು ತಲೆ ಎತ್ತುತ್ತದೆ. ನಾಚಿಕೆ ಅನ್ನೋದು ಒಂಚೂರೂ ಇಲ್ಲ. ತಿಂದದ್ದು ತನ್ನದೇ ಹಿಕ್ಕೆ!

ಕೂಡಲೇ ನಮ್ಮ ಗಾಬರಿ ಶುರು. ಹೊಟ್ಟೆಗೆ ಸಾಕಾಗಿಲ್ಲ, ರೋಗ ಬಂದಿದೆ, ಕೊಳಕು ಚಟ, ಬಿಡಿಸಬೇಕು. ಇದ್ಯಾವುದೂ ಅಲ್ಲ. ತಿನ್ನಲು ಬಿಡದಿದ್ದರೇನೇ ಮೊಲಕ್ಕೆ ತೊಂದರೆ.

ಮೊಲ ಹಾಕುವ ಹಿಕ್ಕೆಯಲ್ಲಿ ಎರಡು ಬಗೆ. ಗೂಡಿನ ತುಂಬ ಉರುಳಾಡುವ ಒಣ ಗುಂಡುಗಳು ಒಂದು, ಅವನ್ನು ನಾವು ಗುಡಿಸುತ್ತೇವೆ. ಇನ್ನೊಂದು ಮೆತ್ತಗೆ, ಕಡು ಬಣ್ಣದ್ದು, ಲೋಳೆ ಹೊದ್ದು ಹೊಳೆಯುತ್ತದೆ, ನೋಡಲು ಪುಟಾಣಿ ದ್ರಾಕ್ಷಿಗೊಂಚಲು. ಇದು ನೆಲಕ್ಕೆ ಬೀಳುವುದೇ ಅಪರೂಪ.

ಹುಲ್ಲಿನ ನಾರನ್ನು ಅರಗಿಸಲು ಹಸುವಿಗೂ ಬರುವುದಿಲ್ಲ, ಮೊಲಕ್ಕೂ ಬರುವುದಿಲ್ಲ. ಬ್ಯಾಕ್ಟೀರಿಯಾಗಳನ್ನೇ ಅಡುಗೆಗೆ ಇಟ್ಟುಕೊಳ್ಳಬೇಕು. ಹಸುವಿನ ಅಡುಗೆಮನೆ ಮುಂಬಾಗಿಲಲ್ಲೇ ಇದೆ, ಬೆಂದದ್ದು ಒಳಗೆ ಹೋಗುತ್ತಾ ಹೋಗುತ್ತಾ ಮೈಗೆ ಹತ್ತುತ್ತದೆ. ಮೊಲದ ಅಡುಗೆಮನೆ ಹಿತ್ತಲಲ್ಲಿ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ ಸೀಕಂ ಎಂಬ ದೊಡ್ಡ ಚೀಲವಿದೆ. ಅಡುಗೆ ಅಲ್ಲಿ, ಆದರೆ ಊಟದ ಪಂಕ್ತಿ, ಅಂದರೆ ಸಾರ ಹೀರುವ ಸಣ್ಣ ಕರುಳು, ಹಿಂದೆಯೇ ಮುಗಿದಿದೆ! ಹಾಗಾದರೆ ಮಾಡಿದ್ದನ್ನು ಹಿಂಬಾಗಿಲಿಂದ ತಂದು ಮತ್ತೆ ಮುಂಬಾಗಿಲಿಗೆ ಕೊಡಬೇಕು, ಅಲ್ವಾ? ಮೊಲ ಮಾಡುವುದು ಅಷ್ಟೇ.

ನನಗೆ ಇದಕ್ಕಿಂತ ಜಾಸ್ತಿ ಖುಷಿ ಕೊಡುವುದು ದೊಡ್ಡ ಕರುಳಿನ ಕೆಲಸ. ಅದು ಜರಡಿ ಹಿಡಿಯುತ್ತದೆ. ಜರಡಿ ಅಂದರೂ ಪೂರ್ತಿ ಸರಿಯಾಗಲಿಲ್ಲ, ಒಂದೇ ರಸ್ತೆಯಲ್ಲಿ ಲಾರಿಗಳನ್ನು ಮುಂದಕ್ಕೂ ಸೈಕಲ್‌ಗಳನ್ನು ಹಿಂದಕ್ಕೂ ಕಳಿಸುವ ಪೊಲೀಸಿನವನ ಹಾಗೆ ಅದು. ದಪ್ಪ ನಾರು ಮುಂದೆ ಹೋಗಿ ಒಣ ಹಿಕ್ಕೆಯಾಗುತ್ತದೆ, ನುಣ್ಣನೆಯ ಚೂರುಗಳೂ ನೀರೂ ಹಿಮ್ಮುಖವಾಗಿ ಸೀಕಂಗೆ ವಾಪಸ್. ಅಲ್ಲಿ ಹುಳಿತು, ಬ್ಯಾಕ್ಟೀರಿಯಾಗಳ ಪ್ರೋಟೀನ್ ಮತ್ತು ಬಿ ವಿಟಮಿನ್‌ಗಳು ಸೇರಿ, ಮೆತ್ತನೆ ಗೊಂಚಲಾಗಿ ಹೊರಗೆ ಬರುತ್ತದೆ. ಮೊಲ ಅದನ್ನು ಅಗಿಯದೆ ನುಂಗುತ್ತದೆ. ಮೇಲಿನ ಲೋಳೆ ಜಠರದ ಆಮ್ಲವನ್ನು ಕೆಲ ಗಂಟೆ ತಡೆಯುತ್ತದೆ, ಅಗಿದರೆ ಪೊಟ್ಟಣ ಒಡೆದ ಹಾಗೆ.

ಹೀಬ್ರೂ ಬೈಬಲ್ಲು ಮೊಲವನ್ನು ಮೆಲುಕು ಹಾಕುವ ಪ್ರಾಣಿಗಳ ಸಾಲಿಗೆ ಸೇರಿಸಿದೆ. ಮೊಲದ ಬಾಯಿ ಸುಮ್ನೆ ಆಡುತ್ತಲೇ ಇರುವುದನ್ನು ನೋಡಿದರೆ ಹಾಗನ್ನಿಸುವುದು ಸಹಜ. ಹೊಟ್ಟೆಯಿಂದ ಬಾಯಿಗೆ ತರುವ ಮೆಲುಕು ಮೊಲಕ್ಕಿಲ್ಲ, ಅದಕ್ಕೆ ವಾಂತಿ ಮಾಡಲೂ ಬಾರದು. ಆದರೂ ಆ ಮಾತು ಪೂರ್ತಿ ಸುಳ್ಳಲ್ಲ, ದಾರಿ ಬೇರೆ ಅಷ್ಟೇ. ಫ್ರಾನ್ಸಿನ ಪಶುವೈದ್ಯ ಮೊರೊ ಈ ಎರಡು ಬಗೆಯ ಹಿಕ್ಕೆಯ ಬಗ್ಗೆ ಬರೆದದ್ದು 1882ರಲ್ಲಿ. ಹಸು ಬೇಗಬೇಗ ಮೇದು ನೆರಳಲ್ಲಿ ಮೆಲುಕು ಹಾಕಿದರೆ, ಕಾಡಿನ ಮೊಲ ಕತ್ತಲಲ್ಲಿ ಮೇದು ಹಗಲಿಗೆ ಬಿಲದಲ್ಲಿ ಕೂತು ಈ ಎರಡನೇ ಊಟ ಮುಗಿಸುತ್ತದೆ. ಗಿನಿಯಿಲಿಗಳೂ ಹೀಗೇ ತಮ್ಮ ಹಿಕ್ಕೆ ತಿನ್ನುತ್ತವೆ.

ಗಾಬರಿಯಾಗಬೇಕಾದದ್ದು ಮೆತ್ತನೆ ಹಿಕ್ಕೆ ತಿನ್ನದೆ ನೆಲದಲ್ಲೇ ಬಿದ್ದಿದ್ದಾಗ, ಇಲ್ಲವೇ ಬಾಲದ ಕೆಳಗಿನ ಕೂದಲಿಗೆ ಮೆತ್ತಿಕೊಂಡಿದ್ದಾಗ. ಕ್ಯಾರೆಟ್, ಹಣ್ಣು, ಬಿಸ್ಕತ್ತು ಅಂತ ಸಿಹಿ, ಹಿಟ್ಟಿನ ಪದಾರ್ಥ ಜಾಸ್ತಿಯಾಗಿ ಒಣಹುಲ್ಲು ಕಡಿಮೆಯಾಗಿರಬಹುದು. ಅಥವಾ ಮೈ ಬೆಳೆದು, ಇಲ್ಲವೇ ಬೆನ್ನು ನೋವಿಗೆ, ಬಗ್ಗಲು ಆಗದಿರಬಹುದು.

ಹಿಕ್ಕೆ ಕೆಳಗೆ ಬಿದ್ದುಹೋಗಲಿ ಅಂತ ತಂತಿಬಲೆಯ ನೆಲ ಹಾಕುವವರೂ ಇದ್ದಾರೆ. ಅದರಿಂದ ಪಾದ ಹುಣ್ಣಾಗುತ್ತದೆ, ಊಟ ಮಾತ್ರ ನಿಲ್ಲುವುದಿಲ್ಲ. ಗೊಂಚಲು ಬಲೆಯವರೆಗೆ ಹೋಗುವುದೇ ಇಲ್ಲವಲ್ಲ, ಬರುತ್ತಿದ್ದ ಹಾಗೇ ಮೊಲ ಬಾಯಿ ಹಾಕಿ ತೆಗೆದುಕೊಂಡಿರುತ್ತದೆ.