ಬಿಪಿಗೆ ಒಂದು ಮಾತ್ರೆ ಸಾಲಲ್ವಾ?

ಬೆಂಗಳೂರಿನ ಯಾವ ಮೆಡಿಕಲ್ ಶಾಪ್ ಮುಂದೆ ನಿಂತರೂ ಆಮ್ಲೋಡಿಪಿನ್ ಕೇಳುವವರು ಒಬ್ಬರಾದರೂ ಸಿಗುತ್ತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಡಾಕ್ಟರು ಜೊತೆಗೆ ಟೆಲ್ಮಿಸಾರ್ಟನ್ ಕೂಡ ಬರೆಯುವುದುಂಟು. ಒಂದು ಯಾಕೆ ಸಾಲಲ್ಲ? ಈ ಕಥೆ ಶುರುವಾಗೋದು ಲಂಡನ್ನಿನ ನಲ್ಲಿ ನೀರಿನಿಂದ.

1880ರ ದಶಕದ ಆರಂಭ. ಬ್ರಿಟಿಷ್ ವೈದ್ಯ ಸಿಡ್ನಿ ರಿಂಗರ್ ಉಪ್ಪಿನ ದ್ರಾವಣದಲ್ಲಿಟ್ಟ ಕಪ್ಪೆಯ ಹೃದಯ ಗಂಟೆಗಟ್ಟಲೆ ಬಡಿಯುತ್ತಿತ್ತು. ಆಮೇಲೆ ನೋಡಿದರೆ, ದ್ರಾವಣ ಮಾಡಿದ್ದು ಡಿಸ್ಟಿಲ್ಡ್ ವಾಟರ್‌ನಲ್ಲಲ್ಲ, ನಲ್ಲಿ ನೀರಿನಲ್ಲಿ. ಡಿಸ್ಟಿಲ್ಡ್ ವಾಟರ್ ಬಳಸಿದಾಗ ಬಡಿತ ಬೇಗ ನಿಂತಿತು. ವ್ಯತ್ಯಾಸ ಕ್ಯಾಲ್ಸಿಯಂನದ್ದು. ನಮ್ಮ ಬೋರ್‌ವೆಲ್ ನೀರು ಬಕೆಟ್‌ಗೆ ಬಿಳಿ ಕಲೆ ಕಟ್ಟೋದಕ್ಕೂ ಅದೇ ಒಂದು ಕಾರಣ. ಅಂತೂ ಹೃದಯದ ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಬೇಕು ಅನ್ನೋದು ಗೊತ್ತಾಯಿತು.

1902ರಲ್ಲಿ ಬ್ರಿಟಿಷ್ ಶರೀರವಿಜ್ಞಾನಿ ವಿಲಿಯಂ ಬೇಲಿಸ್ ಇನ್ನೊಂದು ವಿಷಯ ತೋರಿಸಿದರು. ಒಳಗಿನ ಒತ್ತಡ ಏರಿದರೆ ರಕ್ತನಾಳ ನರಗಳ ಹಂಗಿಲ್ಲದೆ ತಾನೇ ಬಿಗಿಯುತ್ತದೆ. ಈ ಗುಣ ಕಿಡ್ನಿಗೆ ತುಂಬಾ ಮುಖ್ಯ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಶೇ. 20 ಅಲ್ಲಿಗೇ ಹೋಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಮ್ಮ ಬಿಪಿ ಏರಿದರೂ ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ನಾಳಗಳ ಗೊಂಚಲಾದ ಗ್ಲೊಮೆರುಲಸ್‌ಗೆ ಆ ಪೆಟ್ಟು ನೇರವಾಗಿ ಬೀಳಬಾರದಲ್ವಾ?

ಅದನ್ನು ತಡೆಯೋದು ಒಳಬರುವ ಸಣ್ಣ ನಾಳ. ಒತ್ತಡಕ್ಕೆ ಅದರ ಗೋಡೆ ಹಿಗ್ಗಿದಾಗ ಸ್ನಾಯುಕೋಶದ ಪೊರೆಯ ವೋಲ್ಟೇಜ್ ಬದಲಾಗುತ್ತದೆ. ಆಗ ಪೊರೆಯಲ್ಲಿರುವ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್‌ಗಳು, ಅಂದರೆ ಕ್ಯಾಲ್ಸಿಯಂ ಒಳಬಿಡುವ ಪುಟ್ಟ ಬಾಗಿಲುಗಳು, ತೆರೆಯುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ನಾಳ ಬಿಗಿಯುತ್ತದೆ. ಅತಿಯಾಗದಂತೆ ನೋಡಿಕೊಳ್ಳಲು ಪೊಟ್ಯಾಸಿಯಂ ಚಾನೆಲ್‌ಗಳಿವೆ. ಅವು ತೆರೆದು ಪೊಟ್ಯಾಸಿಯಂ ಹೊರಹೋದರೆ ವೋಲ್ಟೇಜ್ ಹಿಂದಕ್ಕೆ ಬರುತ್ತದೆ.

ತಮಾಷೆ ಅಂದರೆ, ಕ್ಯಾಲ್ಸಿಯಂ ತಡೆಯುವ ಔಷಧಿಗಳನ್ನು ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ 1960ರ ದಶಕದಲ್ಲೇ ಗುರುತಿಸಿದ್ದರು. ಆದರೆ ಇಂಥ ಒಂದೇ ಒಂದು ಚಾನೆಲ್‌ನ ಕರೆಂಟನ್ನು ವಿಜ್ಞಾನಿಗಳಾದ ನೆಹರ್ ಮತ್ತು ಸಾಕ್ಮನ್ ಅಳೆದದ್ದು 1976ರಲ್ಲಿ. ಅವರಿಗೆ 1991ರಲ್ಲಿ ನೊಬೆಲ್ ಬಂತು.

ಈಗ ಆ ಎರಡನೇ ಮಾತ್ರೆಯ ವಿಷಯ. ಗ್ಲೊಮೆರುಲಸ್‌ನಿಂದ ಹೊರಹೋಗುವ ನಾಳದ ಮೇಲೆ ಎಲ್-ಟೈಪ್ ಚಾನೆಲ್‌ಗಳ ಹಿಡಿತ ತೀರಾ ಕಡಿಮೆ. ಅಲ್ಲಿ ನಾಳ ಬಿಗಿಸುವ ಆಂಜಿಯೊಟೆನ್ಸಿನ್ ಹಾರ್ಮೋನಿನದ್ದೇ ಜೋರು. ಆಮ್ಲೋಡಿಪಿನ್ ಕೂಡ ಕ್ಯಾಲ್ಸಿಯಂ ತಡೆಯುವ ಔಷಧಿಯೇ, ಹಾಗಾಗಿ ಅದು ಮುಖ್ಯವಾಗಿ ಒಳಬರುವ ನಾಳವನ್ನು ಸಡಿಲಿಸುತ್ತದೆ. ಹೊರಹೋಗುವ ನಾಳ ಬಿಗಿಯಾಗೇ ಇರುತ್ತದೆ. ಬಿಪಿ ಚೆನ್ನಾಗಿ ಇಳಿದರೆ ಚಿಂತೆಯಿಲ್ಲ. ಇಳಿಯದಿದ್ದರೆ ಒತ್ತಡವೆಲ್ಲ ಗ್ಲೊಮೆರುಲಸ್ ಮೇಲೆ. ಟೆಲ್ಮಿಸಾರ್ಟನ್ ಆಂಜಿಯೊಟೆನ್ಸಿನ್ ಕೆಲಸ ತಡೆದು ಹೊರನಾಳವನ್ನೂ ಸಡಿಲಿಸುತ್ತದೆ. ಹಾಗೆ ಒಳಗಿನ ಒತ್ತಡ ಇಳಿದಾಗ ಸೋಸುವ ವೇಗವೂ ಸ್ವಲ್ಪ ತಗ್ಗಿ, ಕಿಡ್ನಿ ಹೊರಹಾಕುವ ತ್ಯಾಜ್ಯವಾದ ಕ್ರಿಯೇಟಿನಿನ್ ರಕ್ತದಲ್ಲಿ ಚೂರು ಏರಬಹುದು. ಪೊಟ್ಯಾಸಿಯಂ ಕೂಡ ಏರಬಹುದು. ಮಾತ್ರೆ ಶುರುಮಾಡಿದ ಕೆಲವು ವಾರಕ್ಕೇ ಡಾಕ್ಟರು ರಕ್ತಪರೀಕ್ಷೆಗೆ ಕಳಿಸೋದು ಅದಕ್ಕೇ.