ಲಿವರ್ 'ಫೇಲ್' ಆಗುವುದು ಅಂದರೆ ಏನು?

ಲಿವರಿನ ದೊಡ್ಡ ಭಾಗ ತೆಗೆಯುವ ಆಪರೇಷನ್ ಆಗಿ ಎರಡು ದಿನವೂ ಕಳೆದಿರುವುದಿಲ್ಲ. ಎಸ್‌ಜಿಪಿಟಿ (ಲಿವರ್ ಕೋಶಗಳಿಂದ ರಕ್ತಕ್ಕೆ ಸೋರುವ ಕಿಣ್ವ) 600 ತೋರಿಸುವ ರಿಪೋರ್ಟಿನ ಫೋಟೋ ಬಾಗಲಕೋಟೆಯಿಂದ ಬೆಳಗಾವಿವರೆಗೆ ಬಳಗದ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತದೆ. ಕೆಳಗೆ ಒಂದೇ ಸಾಲು: 'ಲಿವರ್ ಫೇಲ್ ಆಗೇದಂತ.' ವಿಜಯಪುರದಲ್ಲಿ ಕೂತ ತಾಯಿ ಅದನ್ನು ಓದಿ ಊಟ ಬಿಡುತ್ತಾಳೆ. ಈ ಮಾತನ್ನು ಇಷ್ಟು ಸಲೀಸಾಗಿ ಆಡುವುದು ನಿಲ್ಲಬೇಕು.

ಎಸ್‌ಜಿಪಿಟಿ ಹೇಳುವುದು ಜೀವಕೋಶಗಳಿಗೆ ಪೆಟ್ಟು ಬಿದ್ದಿದೆ ಅಂತ ಮಾತ್ರ. ಕತ್ತರಿ ಬಿದ್ದ ಅಂಗಕ್ಕೆ ಪೆಟ್ಟಾಗದೆ ಇರುತ್ತದೆಯೇ? ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅದು ಇಳಿಯುತ್ತದೆ. ಫೇಲ್ ಅನ್ನಬೇಕಾದರೆ ಉಳಿದ ಲಿವರ್ ಕೆಲಸ ಮಾಡುತ್ತಿದೆಯೇ ಅಂತ ನೋಡಬೇಕು. ಅದಕ್ಕೆ ಬೇಕಾದದ್ದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) ಮತ್ತು ಬಿಲಿರುಬಿನ್ (ಲಿವರ್ ಪಿತ್ತದಲ್ಲಿ ಹೊರಹಾಕುವ ಹಳದಿ ವಸ್ತು). ಐಎನ್‌ಆರ್ ಏರಿದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳ ತಯಾರಿ ಸಾಲುತ್ತಿಲ್ಲ. ಬಿಲಿರುಬಿನ್ ಏರಿದರೆ ಕಾಮಣಿ. 2011ರಲ್ಲಿ ಲಿವರ್ ಸರ್ಜನ್‌ಗಳ ಅಂತರರಾಷ್ಟ್ರೀಯ ತಂಡವೊಂದು ಕೊಟ್ಟ ವ್ಯಾಖ್ಯೆಯ ಪ್ರಕಾರ, ಆಪರೇಷನ್ ಆದ 5ನೇ ದಿನ ಅಥವಾ ಆಮೇಲೆ ಇವೆರಡೂ ಏರಿರಬೇಕು. ಪಿತ್ತನಾಳ ಕಟ್ಟಿಕೊಂಡು ಕಾಮಣಿ ಬಂದಿದ್ದರೆ ಅದು ಬೇರೆ ಕಥೆ. 5ನೇ ದಿನವೇ ಯಾಕೆ? ಮೊದಲ ಎರಡು-ಮೂರು ದಿನ ಎರಡೂ ಸ್ವಲ್ಪ ಏರುವುದು ಮಾಮೂಲು. ಆಮೇಲೂ ಇಳಿಯದಿದ್ದರೆ ಚಿಂತೆ.

ಇನ್ನೊಂದು ಪ್ರಶ್ನೆ ಐಸಿಯು ಬಾಗಿಲಲ್ಲಿ ದಿನಾ ಕೇಳುತ್ತದೆ: 'ಶುಗರ್ ಇಲ್ಲದವರಿಗೆ ಪದೇಪದೇ ಬೆರಳು ಯಾಕ ಚುಚ್ಚತಾರ, ಗ್ಲೂಕೋಸ್ ಯಾಕ ಏರಸ್ತಾರ?' ಸುಮ್ನೆ ಚುಚ್ಚುವುದಿಲ್ಲ. ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಬಿಡುವುದು ಮುಖ್ಯವಾಗಿ ಲಿವರ್. ಲಿವರಿನ ಅರ್ಧಕ್ಕಿಂತ ಜಾಸ್ತಿ ತೆಗೆದಾಗ ಕೂಡಿಟ್ಟ ಸಕ್ಕರೆಯೂ ಹೋಯಿತು, ಹೊಸದಾಗಿ ಮಾಡುವ ಶಕ್ತಿಯೂ ಕುಗ್ಗಿತು. ಶುಗರ್ 70ಕ್ಕಿಂತ ಕೆಳಗಿಳಿದರೆ ಎಚ್ಚರ ಇರುವವರು ಬೆವರುತ್ತಾರೆ, ನಡುಗುತ್ತಾರೆ, ಹೇಳಿಕೊಳ್ಳುತ್ತಾರೆ. ಅರಿವಳಿಕೆ, ನೋವಿನ ಔಷಧಿಯ ಮಂಪರಿನಲ್ಲಿರುವವರು ಏನು ಹೇಳಿಯಾರು? ಅವರ ಪರವಾಗಿ ಮಾತಾಡುವುದು ಆ ಒಂದು ಹನಿ ರಕ್ತವೇ.

ರಕ್ತದಲ್ಲಿ ಫಾಸ್ಫೇಟ್ ಅನ್ನುವ ಲವಣ ಇಳಿದರೂ ಗಾಬರಿ ಬೇಡ. ಉಳಿದ ಲಿವರ್ ಬೆಳೆಯುವಾಗ ಹೊಸ ಕೋಶಗಳು ಅದನ್ನು ಬಳಸುತ್ತವೆ, ಮೂತ್ರದಲ್ಲೂ ಹೋಗುತ್ತದೆ. ತೀರಾ ಇಳಿದರೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ, ಅದಕ್ಕೇ ಡ್ರಿಪ್‌ನಲ್ಲಿ ತುಂಬುತ್ತಾರೆ.

ಹೆದರಬೇಕಾದ ಚಿಹ್ನೆ ಬೇರೆ ಇದೆ. ದೇಹದಲ್ಲೇ ಹುಟ್ಟುವ ವಿಷವಾದ ಅಮೋನಿಯಾವನ್ನು ಯೂರಿಯಾ ಮಾಡಿ ಹೊರಗೆ ಕಳಿಸುವುದೂ ಲಿವರಿನ ಕೆಲಸ. ಅದು ನಿಂತರೆ ಮಿದುಳು ಮಂಕಾಗುತ್ತದೆ. ನಿನ್ನೆ ಮೊಮ್ಮಕ್ಕಳ ಹೆಸರು ಹಿಡಿದು ಕೇಳಿದವರು ಇವತ್ತು ತೊದಲಿದರೆ, ಹಗಲೆಲ್ಲ ತೂಕಡಿಸಿದರೆ, ಚಾಚಿದ ಕೈ ಪಟಪಟ ಬಡಿದರೆ ರಿಪೋರ್ಟ್ ಬರಲಿ ಅಂತ ಕಾಯಬೇಡಿ. ತಕ್ಷಣ ನರ್ಸ್‌ಗೆ ಹೇಳಿ.