ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಮುಖಪುಟದ ಖಾಲಿ ಪೆಟ್ಟಿಗೆ

ಓದುಗರ ಪ್ರಶ್ನೆ: ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಹಾಕಿದ ಆಲ್ಟೇರ್ ಕಂಪ್ಯೂಟರ್ ಒಳಗೆ ಏನೂ ಇಲ್ಲದ ಖಾಲಿ ಪೆಟ್ಟಿಗೆಯಂತೆ. ನಿಜವೇ? ನಿಜವಾದರೆ ಅದು ಓದುಗರಿಗೆ ಮಾಡಿದ ಮೋಸವಲ್ಲವೇ?

ಉತ್ತರ: ಪೆಟ್ಟಿಗೆ ಖಾಲಿಯಿದ್ದದ್ದು ನಿಜ. ಮೋಸ ಅನ್ನುವ ಮಾತನ್ನು ಮಾತ್ರ ನಾನು ಒಪ್ಪಲಾರೆ. ಯಾಕೆಂದು ಹೇಳಲು ಆ ಒಂದು ಸಂಚಿಕೆ ಸಾಲದು, ಅದರ ಹಿಂದಿನ ಇಪ್ಪತ್ತು ವರ್ಷಗಳನ್ನೂ ನೋಡಬೇಕು.

ಮೊದಲು ನಡೆದ ಸಂಗತಿ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಎಂಐಟಿಎಸ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದರು. 1974ರ ಕೊನೆಯ ತಿಂಗಳುಗಳಲ್ಲಿ ಅವರ ಬಳಿ ನಿಜವಾಗಿ ಕೆಲಸ ಮಾಡುವ ಆಲ್ಟೇರ್ ಇದ್ದದ್ದು ಒಂದೇ. ಫೋಟೊ ತೆಗೆಯಲೆಂದು ಅದನ್ನು ನ್ಯೂಯಾರ್ಕಿನ ಪತ್ರಿಕಾ ಕಚೇರಿಗೆ ಪಾರ್ಸೆಲ್ ಮಾಡಿದರು. ಪಾರ್ಸೆಲ್ ದಾರಿಯಲ್ಲೇ ಕಳೆದುಹೋಯಿತು. ಅಚ್ಚಿಗೆ ಹೋಗುವ ದಿನ ಹತ್ತಿರವಾಗಿತ್ತು, ಇನ್ನೊಂದನ್ನು ಕಟ್ಟಲು ಸಮಯವಿರಲಿಲ್ಲ. ಹಾಗಾಗಿ ಮುಂದಿನ ಫಲಕದ ಮೇಲೆ ಸ್ವಿಚ್ಚು, ದೀಪಗಳನ್ನು ಜೋಡಿಸಿದ ಪೆಟ್ಟಿಗೆಯೊಂದನ್ನು ಇಟ್ಟು ಫೋಟೊ ತೆಗೆದರು. ಆದರೆ ಒಳಪುಟಗಳಲ್ಲಿದ್ದ ಸರ್ಕ್ಯೂಟ್ ನಿಜವಾದದ್ದೇ. ರಾಬರ್ಟ್ಸ್ ಮತ್ತು ಬಿಲ್ ಯೇಟ್ಸ್ ಬರೆದ ಆ ಲೇಖನದ ಎರಡನೇ ಕಂತು ಫೆಬ್ರವರಿಯಲ್ಲಿ ಬಂತು.

ಇಷ್ಟು ದೊಡ್ಡ ಧೈರ್ಯ ಸಂಪಾದಕರಿಗೆ ಎಲ್ಲಿಂದ ಬಂತು? ಪತ್ರಿಕೆ ಬೆಳೆದು ಬಂದ ರೀತಿಯಲ್ಲೇ ಉತ್ತರವಿದೆ. ಹ್ಯೂಗೊ ಗರ್ನ್ಸ್‌ಬ್ಯಾಕ್ 1919ರಲ್ಲಿ ಶುರುಮಾಡಿದ ‘ರೇಡಿಯೊ ನ್ಯೂಸ್’ ಮುಂದೆ ಜಿಫ್-ಡೇವಿಸ್ ಪ್ರಕಾಶನದ ಕೈಗೆ ಬಂದಿತ್ತು. ಟಿ.ವಿ. ಬಂದ ಮೇಲೆ ಅದು ರಿಪೇರಿಯವರ, ಎಂಜಿನಿಯರುಗಳ ಪತ್ರಿಕೆಯಾಗುತ್ತ ಹೋಯಿತು. ಮನೆಯಲ್ಲಿ ಬೆಸುಗೆ ಹಾಕಿ ಏನಾದರೂ ಕಟ್ಟಬೇಕೆನ್ನುವ ಹುಡುಗರಿಗೆ ಅದರಲ್ಲಿ ಜಾಗ ಕಡಿಮೆಯಾಯಿತು. ಆ ಹುಡುಗರಿಗಾಗಿಯೇ ಅದೇ ಪ್ರಕಾಶಕರು 1954ರ ಅಕ್ಟೋಬರ್‌ನಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಹೊರತಂದರು. ಮೊದಲ ಸಂಚಿಕೆಯಿಂದಲೇ ಕಾರ್ಲ್ ಮತ್ತು ಜೆರ್ರಿ ಎಂಬ ಇಬ್ಬರು ಗೆಳೆಯರ ಕಥೆಗಳು ಅದರಲ್ಲಿ ಬರುತ್ತಿದ್ದವು. ಎಲೆಕ್ಟ್ರಾನಿಕ್ಸ್ ಬಳಸಿ ಊರಿನ ಸಮಸ್ಯೆಗಳನ್ನು ಬಿಡಿಸುವ ಹುಡುಗರು ಅವರು. ಆ ಕಥೆ ಓದಿ ಎಂಜಿನಿಯರ್ ಆದವರು ಅಮೆರಿಕದಲ್ಲಿ ಬೇಕಾದಷ್ಟು ಮಂದಿ. 1960ರ ದಶಕದ ಮೊದಲ ಭಾಗಕ್ಕೆ ಪ್ರಸಾರ ನಾಲ್ಕು ಲಕ್ಷದ ಆಸುಪಾಸಿಗೆ ಮುಟ್ಟಿತ್ತು.

ಅದರಲ್ಲಿನ ಒಂದು ಲೇಖನ ಹೇಗಿರುತ್ತಿತ್ತು ಎಂದು ತುಸು ನಿಧಾನವಾಗಿ ನೋಡೋಣ. ಮೊದಲು ಸರ್ಕ್ಯೂಟ್ ಚಿತ್ರ. ಆಮೇಲೆ ಅದು ಕೆಲಸ ಮಾಡುವ ಬಗೆ. ಪಕ್ಕದಲ್ಲಿ ಪಿಸಿಬಿಯ, ಅಂದರೆ ಬಿಡಿಭಾಗಗಳನ್ನು ಕೂರಿಸಿ ಬೆಸೆಯುವ ತಾಮ್ರದ ಗೆರೆಗಳ ಬೋರ್ಡಿನ ನಕ್ಷೆ, ನಿಜವಾದ ಅಳತೆಯಲ್ಲೇ ಅಚ್ಚಾಗಿರುತ್ತಿತ್ತು. ಅದನ್ನು ತಾಮ್ರದ ಹಾಳೆಯ ಮೇಲೆ ಮೂಡಿಸಿ, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ, ಬೋರ್ಡನ್ನು ಮನೆಯಲ್ಲೇ ಮಾಡಿಕೊಳ್ಳಬಹುದಿತ್ತು. ಚೌಕಟ್ಟಿನೊಳಗೆ ಬಿಡಿಭಾಗಗಳ ಪಟ್ಟಿ: ಇಂತಿಷ್ಟು ಓಮಿನ ರೆಸಿಸ್ಟರ್, ಇಂಥ ನಂಬರಿನ ಟ್ರಾನ್ಸಿಸ್ಟರ್. ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ: ಇಡೀ ಕಿಟ್ ಬೇಕಾದವರು ಈ ವಿಳಾಸಕ್ಕೆ ಇಷ್ಟು ಡಾಲರ್ ಕಳಿಸಿ. ಎಷ್ಟೋ ಸಲ ಆ ವಿಳಾಸ ಲೇಖನ ಬರೆದವರದ್ದೇ. ನನ್ನ ಮಟ್ಟಿಗೆ ಪತ್ರಿಕೆಯ ಜೀವ ಇದ್ದದ್ದು ಆ ಟಿಪ್ಪಣಿಯಲ್ಲಿ. ಒಬ್ಬ ಹವ್ಯಾಸಿ ಏನನ್ನೋ ಕಟ್ಟುತ್ತಾನೆ, ಪತ್ರಿಕೆ ಅದನ್ನು ನಾಡಿನೆಲ್ಲೆಡೆ ಒಯ್ಯುತ್ತದೆ, ಓದುಗರ ಚೆಕ್ಕುಗಳು ಬರುತ್ತವೆ, ಅವನೊಂದು ಕಂಪನಿಯಾಗುತ್ತಾನೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದವರಿಗೆ, ಎಲ್ಲ ಭಾಗಗಳೂ ಒಂದೇ ಪೊಟ್ಟಣದಲ್ಲಿ ಮನೆಗೆ ಬರುವುದರ ಬೆಲೆ ಗೊತ್ತಿದ್ದೀತು.

ರಾಬರ್ಟ್ಸ್ ಇದೇ ದಾರಿಯಲ್ಲಿ ಬಂದವರು. 1970ರ ನವೆಂಬರ್ ಸಂಚಿಕೆಯಲ್ಲಿ ಎಂಐಟಿಎಸ್‌ನ ಆಪ್ಟಿಕಾಮ್ ಬಂತು: ಎಲ್‌ಇಡಿ ಬೆಳಕಿನ ಮೂಲಕ ದನಿ ಕಳಿಸುವ ಕಿಟ್. ಅದು ಅಷ್ಟೇನೂ ಮಾರಾಟವಾಗಲಿಲ್ಲ. ಮರುವರ್ಷದ ನವೆಂಬರ್ ಮುಖಪುಟದಲ್ಲಿ 179 ಡಾಲರಿನ ಕ್ಯಾಲ್ಕ್ಯುಲೇಟರ್ ಕಿಟ್ ಬಂತು, ಅದು ಸಾವಿರಗಟ್ಟಲೆ ಹೋಯಿತು. ಆದರೆ ದೊಡ್ಡ ಕಂಪನಿಗಳು ಇದೇ ಧಂಧೆಗೆ ಇಳಿದ ಮೇಲೆ ಕ್ಯಾಲ್ಕ್ಯುಲೇಟರ್ ಬೆಲೆ ನೆಲಕಚ್ಚಿತು. 1974ಕ್ಕೆ ರಾಬರ್ಟ್ಸ್ ಸಾಲದಲ್ಲಿ ಮುಳುಗಿದ್ದರು.

ಅದೇ ವರ್ಷ ಜುಲೈನಲ್ಲಿ ಎದುರಾಳಿ ಪತ್ರಿಕೆ ‘ರೇಡಿಯೊ-ಎಲೆಕ್ಟ್ರಾನಿಕ್ಸ್’ ಜೊನಾಥನ್ ಟೈಟಸ್ ರೂಪಿಸಿದ ಮಾರ್ಕ್-8 ಕಂಪ್ಯೂಟರನ್ನು ಮುಖಪುಟಕ್ಕೆ ತಂದಿತು. ಆಲ್ಟೇರ್‌ಗಿಂತ ಮೊದಲೇ ಇದು ಬಂದಿತ್ತು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಆದರೆ ಅಲ್ಲಿ ಪೂರ್ತಿ ಕಿಟ್ ಇರಲಿಲ್ಲ. ನಕ್ಷೆಯ ಪುಸ್ತಿಕೆ, ಬೋರ್ಡು ತರಿಸಿಕೊಂಡು ಉಳಿದ ಭಾಗಗಳನ್ನು ತಾವೇ ಹುಡುಕಬೇಕಿತ್ತು. ಪಾಪ್ಯುಲರ್ ಎಲೆಕ್ಟ್ರಾನಿಕ್ಸ್‌ನ ಸಂಪಾದಕೀಯ ನಿರ್ದೇಶಕ ಆರ್ಟ್ ಸಾಲ್ಸ್‌ಬರ್ಗ್ ಮತ್ತು ತಾಂತ್ರಿಕ ಸಂಪಾದಕ ಲೆಸ್ ಸಾಲೊಮನ್ ಇದಕ್ಕಿಂತ ಮೇಲಾದದ್ದು ಬೇಕೆಂದು ಹಟ ಹಿಡಿದರು. ಅಂಥದ್ದನ್ನು ಕಟ್ಟಿಕೊಡಲು ರಾಬರ್ಟ್ಸ್ ಒಪ್ಪಿಕೊಂಡರು.

ಓದುಗರು ನಂಬಿದ್ದು ಫೋಟೊವನ್ನಲ್ಲ, ಲೆಕ್ಕವನ್ನು. ಆಲ್ಟೇರಿನ ಮಿದುಳಾದ ಇಂಟೆಲ್ 8080 ಚಿಪ್ಪನ್ನು ಬಿಡಿಯಾಗಿ ಕೊಂಡರೆ ಆಗ 360 ಡಾಲರ್. ಆಲ್ಟೇರ್ ಕಿಟ್ಟಿನ ಬೆಲೆ 397. ಚಿಪ್ಪಿನ ಬೆಲೆಯ ಮೇಲೆ ಸ್ವಲ್ಪ ಹಾಕಿದರೆ ಇಡೀ ಕಂಪ್ಯೂಟರ್! ಸಗಟಾಗಿ ಕೊಂಡಿದ್ದರಿಂದ ರಾಬರ್ಟ್ಸ್‌ಗೆ ಚಿಪ್ 75 ಡಾಲರಿಗೇ ಸಿಕ್ಕಿತ್ತು. ವರ್ಷಕ್ಕೆ ಕೆಲವು ನೂರು ಹೋದರೂ ಉಳಿದುಕೊಂಡೆ ಅಂದುಕೊಂಡಿದ್ದ ಅವರಿಗೆ ಕೆಲವೇ ತಿಂಗಳಲ್ಲಿ ಸಾವಿರಾರು ಬೇಡಿಕೆಗಳು ಬಂದವು.

ಅನ್ಯಾಯ ಆಗಿದ್ದರೆ ಅದು ಇಲ್ಲಿಂದ ಮುಂದೆ. 60 ದಿನದಲ್ಲಿ ಕಳಿಸುತ್ತೇವೆ ಎಂದ ಕಿಟ್ಟಿಗೆ ಜನ ತಿಂಗಳುಗಟ್ಟಲೆ ಕಾದರು. ಬಂದ ಯಂತ್ರಕ್ಕೆ ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮೆಮೊರಿ 256 ಬೈಟ್. ಪ್ರೋಗ್ರಾಮನ್ನು ಒಳಗೆ ಹಾಕಬೇಕಾದರೆ ಎಂಟು ಸ್ವಿಚ್ಚುಗಳನ್ನು ಸೊನ್ನೆ, ಒಂದರ ಲೆಕ್ಕದಲ್ಲಿ ಕೆಳಗೆ, ಮೇಲೆ ಮಾಡಿ, ಇನ್ನೊಂದು ಸ್ವಿಚ್ ಒತ್ತಬೇಕು. ಆಗ ಹೋಗುವುದು ಒಂದು ಬೈಟ್. ನೂರು ಬೈಟಿನ ಪ್ರೋಗ್ರಾಮಿಗೆ ನೂರು ಸಲ ಹೀಗೆ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಹೆಚ್ಚುವರಿಯಾಗಿ ಮಾರಿದ ಮೆಮೊರಿ ಬೋರ್ಡುಗಳೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆದರೂ ಕೊಂಡವರಿಗೆ ಅದು ತಮ್ಮದೇ ಕಂಪ್ಯೂಟರ್. ಹಾರ್ವರ್ಡ್ ಚೌಕದ ಪತ್ರಿಕೆ ಅಂಗಡಿಯಲ್ಲಿ ಸಂಚಿಕೆ ಕೊಂಡ ಪಾಲ್ ಆಲನ್ ಅದನ್ನು ಗೆಳೆಯ ಬಿಲ್ ಗೇಟ್ಸ್‌ಗೆ ತೋರಿಸಿದ್ದು, ಇಬ್ಬರೂ ಅದರಲ್ಲಿ ಓಡುವಂತೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ ಬರೆದು 1975ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಸೇರಿದ ಹವ್ಯಾಸಿಗಳ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿಗೂ ಆಲ್ಟೇರೇ ನೆಪ. ಅಲ್ಲಿಗೆ ಬಂದವರಲ್ಲಿ ಮುಂದೆ ಆಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವಾಜ್ನಿಯಾಕ್ ಒಬ್ಬರು.

ಆದ್ದರಿಂದ ಖಾಲಿ ಪೆಟ್ಟಿಗೆಗಿಂತ ನನ್ನನ್ನು ಹೆಚ್ಚು ಕಾಡುವುದು ಮುಂದೆ ಪತ್ರಿಕೆಗೆ ಆದ ಗತಿ. ಕಂಪ್ಯೂಟರನ್ನು ಮನೆಗೆ ತಂದ ಪತ್ರಿಕೆ 1982ರ ನವೆಂಬರ್‌ನಲ್ಲಿ ತನ್ನ ಹೆಸರನ್ನೇ ‘ಕಂಪ್ಯೂಟರ್ಸ್ ಅಂಡ್ ಎಲೆಕ್ಟ್ರಾನಿಕ್ಸ್’ ಎಂದು ಬದಲಿಸಿಕೊಂಡಿತು. ಪ್ರಸಾರ ಏರಿತು, ಆರು ಲಕ್ಷದ ಹತ್ತಿರ ಹೋಯಿತು. ಆದರೆ ಕಟ್ಟುವವರ ಪುಟಗಳು ಕರಗಿ, ಯಾವ ಕಂಪ್ಯೂಟರ್, ಯಾವ ಪ್ರಿಂಟರ್ ಕೊಳ್ಳಬೇಕು ಎಂಬ ಪುಟಗಳು ತುಂಬಿಕೊಂಡವು. ಅಂಥ ಪತ್ರಿಕೆಗಳು ಆಗ ಅಂಗಡಿಯಲ್ಲಿ ರಾಶಿ ಬಿದ್ದಿದ್ದವು, ಜಿಫ್-ಡೇವಿಸ್‌ನವೇ ಬೇರೆ ಇದ್ದವು. 1985ರ ಏಪ್ರಿಲ್ ಸಂಚಿಕೆಯೇ ಕೊನೆಯದಾಯಿತು. ಓದುಗರು ಕಡಿಮೆಯಾಗಿ ಮುಚ್ಚಿದ ಪತ್ರಿಕೆ ಅಲ್ಲ ಅದು. ಯಾರಿಗಾಗಿ ಎಂಬುದನ್ನು ಬಿಟ್ಟುಕೊಟ್ಟು ಮುಚ್ಚಿದ್ದು. ಸಾಲ್ಸ್‌ಬರ್ಗ್ ಅದಕ್ಕೂ ಮೊದಲೇ ಹೊರಬಂದು 1984ರ ಅಕ್ಟೋಬರ್‌ನಲ್ಲಿ ‘ಮಾಡರ್ನ್ ಎಲೆಕ್ಟ್ರಾನಿಕ್ಸ್’ ತೆಗೆದು, ಮತ್ತೆ ಬೆಸುಗೆ ಹಾಕುವವರಿಗಾಗಿಯೇ ಪತ್ರಿಕೆ ಮಾಡಿದರು.

ಹಳೆಯ ಹೆಸರನ್ನು ಗರ್ನ್ಸ್‌ಬ್ಯಾಕ್ ಪ್ರಕಾಶನ 1989ರಲ್ಲಿ ಇನ್ನೊಂದು ಪತ್ರಿಕೆಗೆ ಇಟ್ಟಿತು. 2000ದಲ್ಲಿ ಅದು ಸೋದರ ಪತ್ರಿಕೆಯೊಂದಿಗೆ ಸೇರಿ ‘ಪಾಪ್‌ಟ್ರಾನಿಕ್ಸ್’ ಆಯಿತು. ಆ ಹೊತ್ತಿಗೆ ಬಿಡಿಭಾಗಗಳ ಬೆಲೆಗಿಂತ ಕಡಿಮೆಗೆ ಸಿದ್ಧ ಯಂತ್ರಗಳೇ ಅಂಗಡಿಯಲ್ಲಿ ಸಿಗುತ್ತಿದ್ದವು, ಚಿಪ್ಪುಗಳೋ ಕೈಯಿಂದ ಬೆಸುಗೆ ಹಾಕಲಾರದಷ್ಟು ಸಣ್ಣವಾಗಿದ್ದವು. 2003ರ ಜನವರಿ ಸಂಚಿಕೆಗೆ ಅದೂ ನಿಂತಿತು.